ಹನ್ನೆರಡಾಣೆ ನೋವು

ಕುವೈತಿನಲ್ಲಿ, ಜಲೀಬಿನ ನಮ್ಮ ಗಲ್ಲಿಯ ಮೇಲೆ
ಆರು ನಿಮಿಷಕ್ಕೊಂದು ವಿಮಾನ ಇಳಿಯುತ್ತದೆ.
ಹೊಟ್ಟೆಯಡಿಯ ಗಾಲಿ ಎಣಿಸಬಹುದು, ಅಷ್ಟು ಹತ್ತಿರ.
ಡಾಕ್ಟರು ಮಾತ್ರ ದೊಡ್ಡ ರಸ್ತೆಯ ಆಚೆ.
ಈಚೆಗಿರುವ ಮುಸ್ತೌಸಫಿಗೆ ರಾತ್ರಿ ಹತ್ತಕ್ಕೆ ಬೀಗ,
ಆಮೇಲೆ ಅದರ ಮೆಟ್ಟಿಲು ಬೆಕ್ಕುಗಳದು.

ಒಂದೂವರೆಗೆ ಬಾಗಿಲು ಬಡಿದವನು ಮೊಫಿಜುಲ್,
ಬರೀ ಲುಂಗಿಯಲ್ಲಿ. "ಭಾಯ್, ಗಾಡಿ."
ನನ್ನದು ಲಾಂಡ್ರಿ ಗಾಡಿ.
ಮೂರನೇ ಮಹಡಿಯ ಗುರುಪಾದಪ್ಪ, ಟೈಲ್ಸ್ ಕೂರಿಸುವವನು,
ಹುಮನಾಬಾದಿನಾಚೆಯ ಯಾವುದೋ ಹಳ್ಳಿ,
ಮೆಟ್ಟಿಲ ಮೇಲೆ ಕೂತು ಎದೆಯನ್ನು
ಚಿಲ್ಲರೆ ಬಿದ್ದೀತೆಂಬಂತೆ ಒತ್ತಿ ಹಿಡಿದಿದ್ದ.

ಸೋಡಾ ಕುಡಿಸಿ ಆಗಿತ್ತು. ಜೀರಿಗೆ ಅಗಿಸಿ ಆಗಿತ್ತು.
ಫಾರ್ಮಸಿಯ ಸುಕುಮಾರನ್ ಅರ್ಧ ಶಟರಿನಡಿ ಬಗ್ಗಿ ನೋಡಿ
"ಇದು ಗ್ಯಾಸ್ ಅಲ್ಲ" ಅಂದಿದ್ದ.
ಅಂದು, ದುಡ್ಡು ತಗೊಳ್ಳದೆ ಒಂದು ಮಾತ್ರೆ ಕೊಟ್ಟು,
ಶಟರು ಪೂರ್ತಿ ಎಳೆದುಕೊಂಡಿದ್ದ.

ಆಂಬುಲೆನ್ಸಿಗೆ ಫೋನು ಹಚ್ಚಿದೆವು.
ಯಾವ ಬ್ಲಾಕು? ರಸ್ತೆ? ಕಟ್ಟಡದ ನಂಬರು?
ನಂಬರಿನ ತಗಡಿನ ಜಾಗದಲ್ಲಿ ಯಾರದೋ ಚಾದರ ಒಣಗುತ್ತಿತ್ತು.
ಎತ್ತಿ ನೋಡಿದರೆ ತಗಡೇ ಇಲ್ಲ, ನಾಲ್ಕು ಮೊಳೆ.
ಮುಖ್ಯರಸ್ತೆಗೆ ಕರೆತನ್ನಿ, ಬರುತ್ತೇವೆ ಅಂದರು.
ಅವರನ್ನೂ ದೂರಲಾರೆ. ಗಲ್ಲಿಯ ಬಾಯಿಗೆ
ಕಂಪನಿ ಬಸ್ಸುಗಳು ಎಮ್ಮೆಗಳ ಹಾಗೆ ಅಡ್ಡ ಮಲಗಿದ್ದವು,
ನಡುವೆ ಒಡೆದ ಗಟಾರದ ನೀರು, ಮೊಣಕಾಲುಮಟ.
ಆ ನೀರಿನ ಆಳ ಗೊತ್ತಿದ್ದದ್ದು ನನ್ನ ಗಾಡಿಗೆ.

ಹಿಂದೆ ಅರವತ್ತು ದಿಶ್ದಾಶಾ, ಇಸ್ತ್ರಿ ಆದವು,
ಹ್ಯಾಂಗರುಗಳಲ್ಲಿ ತೂಗುತ್ತಿದ್ದವು.
ಅವುಗಳ ಕೆಳಗೇ ಅವನನ್ನು ಮಲಗಿಸಿದೆವು.
ಪ್ರತಿ ಉಬ್ಬಿಗೂ ನೂರಿಪ್ಪತ್ತು ಬಿಳಿ ತೋಳು
ಅವನ ಮುಖವನ್ನು ಮುಟ್ಟಿ ಮುಟ್ಟಿ ನೋಡಿದವು,
ಒಳಗೆ ಯಾರೂ ಇಲ್ಲದ ತೋಳು.

"ಬತಾಕಾ ಮುಗದದ," ಅಂದ ಗುರುಪಾದಪ್ಪ.
ಎದೆಯ ಮಾತು ಮೊದಲು ಬರಲಿಲ್ಲ.
"ಕಫೀಲ ರಿನ್ಯೂ ಮಾಡಿಲ್ಲ. ಹಿಡಿದು ಕಳಿಸಿದ್ರ?
ಮಗಳ ಫೀಸು ಇನ್ನಾ ಎರಡು ಕಂತು ಅದ.
ಬ್ಯಾಡ ತಮ್ಮಾ, ತಿರುಗಿಸು. ಕಡಿಮಿ ಆಗೇದ."
ಕಡಿಮೆಯಾದದ್ದು ದನಿ.
ನಾನು ತಿರುಗಿಸಲಿಲ್ಲ. ತಿರುಗಿಸಿದ್ದೂ ಇದೆ, ಹೋದ ವರ್ಷ,
ಬೇರೊಬ್ಬನನ್ನು, ಅವನು ಕೈಮುಗಿದ ಅಂತ.
ಆ ಮಾತು ಈಗ ಬೇಡ.

ಹದಿನೇಳು ನಿಮಿಷ. ಕ್ಯಾಶುವಾಲ್ಟಿಯಲ್ಲಿ ಹಗಲಿಗಿಂತ ಹೆಚ್ಚು ಬೆಳಕು.
ಕಿಟಕಿಯವನು ಬತಾಕಾ ಕೇಳಿದ, ತಿರುವಿದ,
ತಾರೀಖಿನ ಮೇಲೆ ಬೆರಳಿಟ್ಟ.
ನಾವು ಮೂವರೂ ಆ ಬೆರಳನ್ನೇ ನೋಡುತ್ತ ನಿಂತೆವು.
ಅಷ್ಟರಲ್ಲಿ ಗಾಲಿಕುರ್ಚಿ ನೂಕಿಕೊಂಡು ಒಬ್ಬಳು ಬಂದಳು,
ಪಟ್ಟಿಯ ಮೇಲೆ ಹೆಸರು ಪ್ರೆಸಿಲ್ಲಾ.
ಇವನು ಗೊಣಗಿದ್ದು ಕಿವಿಗೆ ಬಿದ್ದಿರಬೇಕು,
"ಎಲ್ಲಿ ನೋವು ಮಾರಾಯ್ರೆ ನಿಮಗೆ?"
ಬಂಟ್ವಾಳದ ಕಡೆಯ ಕನ್ನಡ.

ಹನ್ನೊಂದು ವರ್ಷದಲ್ಲಿ ಅವನ ಮೈಯನ್ನು
ಯಾರೂ ಅವನ ಮಾತಿನಲ್ಲಿ ವಿಚಾರಿಸಿರಲಿಲ್ಲ.

"ಒಂದರಿಂದ ಹತ್ತರೊಳಗೆ ಹೇಳಿ, ಎಷ್ಟು?"
ಹಾಳೆಯ ಮೇಲೆ ನಗುವ, ಅಳುವ ದುಂಡು ಮುಖಗಳು.
ಗುರುಪಾದಪ್ಪ ಯೋಚಿಸಿದ. ದಾರ ಹಿಡಿದರೆ
ಕೂದಲೆಳೆ ತಪ್ಪದ ಕೈ ಅದು.
"ರೂಪಾಯಿಗೆ ಹನ್ನೆರಡಾಣೆ, ಅವ್ವಾ."
ಹುಡುಗಿ ತಡೆದಳು. ಬೆರಳು ಮಡಿಸಿ ಏನೋ ಲೆಕ್ಕ ಹಾಕಿ
ಏಳೂವರೆ ಅಂತ ಬರೆದು, ಕುರ್ಚಿ ನೂಕಿಕೊಂಡು ಓಡಿದಳು.
ಕಿಟಕಿಯವನ ಬೆರಳು ಅಲ್ಲೇ ಇತ್ತು.

ನಾಲ್ಕಕ್ಕೆ ವಾಪಸು ಬಂದು ಗಾಡಿ ತೆರೆದೆ.
ಒಂದು ದಿಶ್ದಾಶಾದ ಅಂಚು ಮುದುಡಿತ್ತು,
ದಾರಿಯುದ್ದ ಅವನು ಹಿಡಿದಿದ್ದ ಜಾಗ.
ಮುಷ್ಟಿಯ ಅಚ್ಚು, ಹೆಬ್ಬೆರಳು ಸಮೇತ.
ನೀರು ಚಿಮುಕಿಸಿ ಒತ್ತಿದೆ. ಹೋಗಲಿಲ್ಲ.
ಏಳಕ್ಕೆ ಡೆಲಿವರಿ.
ಮೊಫಿಜುಲ್ ಅಲ್ಲೇ ಕೂತಿದ್ದಾನೆ, ಫೋನು ಮಾಡಿದ:
ಒಳಗೆ ಕರೆದುಕೊಂಡರು, ಇನ್ನೂ ಏನೂ ಹೇಳಿಲ್ಲ.
ಮೇಲೆ ವಿಮಾನ ಇಳಿಯಿತು, ಗಾಜು ನಡುಗಿತು.
ಇಸ್ತ್ರಿಯ ಬಿಸಿ ಒಂದು ಗೆರೆ ಏರಿಸಿದೆ.